ಹೋದ ವರ್ಷದ ಮಳೆ, ಈ ವರ್ಷದ ಮಳೆ: ಹೋಲುವ ನೆನಪುಗಳನ್ನು ಮೆದುಳು ಹೇಗೆ ಬೇರೆಯಾಗಿಡುತ್ತದೆ?

ಪ್ರಶ್ನೆ: ನಮ್ಮದು ಕೊಡಗಿನ ಮಾದಾಪುರದ ಹತ್ತಿರ ಕಾಫಿ ತೋಟ. ಮಾವನವರಿಗೆ ಈಗ 74 ವರ್ಷ. ಉಸ್ತುವಾರಿಯೆಲ್ಲ ಇವತ್ತಿಗೂ ಅವರದ್ದೇ. ಐವತ್ತು ವರ್ಷದ ಹಿಂದಿನ ಸಂಗತಿಗಳನ್ನು ನಿನ್ನೆ ನಡೆದಂತೆ ಹೇಳುತ್ತಾರೆ. ಆದರೆ ತೋಟದ ಯಾವ ಬ್ಲಾಕಿಗೆ ಬೋರ್ಡೋ (ಮೈಲುತುತ್ತು ಸುಣ್ಣದ ಸಿಂಪಡಣೆ ದ್ರಾವಣ) ಹೊಡೆಸಿದ್ದು ಈ ವರ್ಷ, ಯಾವುದಕ್ಕೆ ಹೋದ ವರ್ಷ ಎಂಬುದು ಅವರಲ್ಲಿ ಬೆರೆತುಹೋಗುತ್ತಿದೆ. ಮರಗಸಿಯ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕ್ರಮ ಬದಲಿಸೋಣವೆಂದರೆ ಒಪ್ಪುತ್ತಾರೆ, ಮರುದಿನ ಹಠದಿಂದ ಹಳೆಯ ಕ್ರಮವನ್ನೇ ಹಿಡಿಯುತ್ತಾರೆ. ಅತ್ತೆಯವರದ್ದು ಇನ್ನೊಂದು ಕಷ್ಟ. 2018ರ ಆಗಸ್ಟ್‌ನಲ್ಲಿ ಇಲ್ಲೆಲ್ಲ ಗುಡ್ಡ ಕುಸಿದ ಮೇಲೆ ಯಾವ ಜೋರು ಮಳೆ ಬಂದರೂ ಗುಡ್ಡ ಜಾರುತ್ತದೆಂದು ರಾತ್ರಿಯಿಡೀ ಎದ್ದು ಕೂರುತ್ತಾರೆ. ಇವು ಎರಡು ಬೇರೆ ತೊಂದರೆಗಳೇ? ಮಾವನವರ ಕೈಯಿಂದ ತೋಟದ ಲೆಕ್ಕ ತೆಗೆದುಕೊಳ್ಳುವ ಕಾಲ ಬಂದಿದೆಯೇ?

ಉತ್ತರ: ಇಬ್ಬರ ತೊಂದರೆಯ ಮೂಲ ಬೇರೆ ಬೇರೆ. ಮಾವನವರದ್ದರಲ್ಲಿ ವಯಸ್ಸಿನ ಪಾಲು ಇರಬಹುದು. ಅತ್ತೆಯವರದ್ದು ಕಣ್ಣಾರೆ ಕಂಡ ಅನಾಹುತದಿಂದ ಬಂದದ್ದು. ಹಾಗಿದ್ದರೂ ನೀವು ಇವೆರಡನ್ನೂ ಒಟ್ಟಿಗೆ ಕೇಳಿದ್ದು ಸರಿಯಾಗಿಯೇ ಇದೆ, ಏಕೆಂದರೆ ಎರಡು ಕಡೆಯೂ ಮೆದುಳಿಗೆ ಕಷ್ಟವಾಗುತ್ತಿರುವ ಕೆಲಸ ಒಂದೇ: ಒಂದನ್ನೊಂದು ಬಹಳವಾಗಿ ಹೋಲುವ ಎರಡು ಅನುಭವಗಳನ್ನು ಬೆರೆಯಗೊಡದೆ ಇಟ್ಟುಕೊಳ್ಳುವುದು. ಒಪ್ಪಿಕೊಂಡ ಹೊಸ ಕ್ರಮವನ್ನು ಮಾವನವರು ಮರುದಿನವೇ ಬಿಟ್ಟುಬಿಡುವುದನ್ನು ನೀವು ಹಠವೆಂದು ಬರೆದಿದ್ದೀರಿ. ಅದು ಕೂಡ ಇದೇ ತೊಂದರೆಯ ಇನ್ನೊಂದು ಮುಖವಾಗಿರಬಹುದು ಎನ್ನುವುದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಹೊಸ ನಿರ್ಧಾರಕ್ಕೆ ಹಳೆಯದರಿಂದ ಪ್ರತ್ಯೇಕವಾದ ನೆಲೆಯೊಂದು ಮೆದುಳಿನಲ್ಲಿ ಸಿಗದೆ ಹೋದರೆ, ಬದಲಾಗಬೇಕೆಂಬ ಮನಸ್ಸು ಇದ್ದವರಿಗೂ ಬದಲಾಗುವುದು ಕಷ್ಟವಾಗುತ್ತದೆ.

ಈ ಕೆಲಸ ನಡೆಯುವ ಜಾಗದ ಹೆಸರು ಹಿಪೊಕ್ಯಾಂಪಸ್. ಕಿವಿಗಳ ನೇರಕ್ಕೆ, ಮೆದುಳಿನ ಒಳಮಗ್ಗುಲಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ ಬಾಗಿಕೊಂಡಿರುವ ಕೆಲವೇ ಸೆಂಟಿಮೀಟರ್ ಉದ್ದದ ಭಾಗ ಇದು. ಇದರ ಮಹತ್ವ ಜಗತ್ತಿಗೆ ತಿಳಿದದ್ದು ಒಬ್ಬ ವ್ಯಕ್ತಿಯ ದುರದೃಷ್ಟದಿಂದ. ಅಮೆರಿಕದ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ಯಾವ ಔಷಧಿಗೂ ಬಗ್ಗದ ಅಪಸ್ಮಾರವಿತ್ತು. 1953ರಲ್ಲಿ ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಅವನ ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದರು. ಸೆಳವು ಕಡಿಮೆಯಾಯಿತು, ಆದರೆ ಅಂದಿನಿಂದ ಅವನಿಗೆ ಹೊಸ ಘಟನೆ ಯಾವುದೂ ನೆನಪಿನಲ್ಲಿ ನಿಲ್ಲಲಿಲ್ಲ. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವನನ್ನು ವರ್ಷಗಳ ಕಾಲ ಪರೀಕ್ಷಿಸಿದರು. ಪ್ರತಿ ಸಲವೂ ಅವರು ಅವನಿಗೆ ಹೊಸಬರೇ. ಆದರೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಚಿತ್ರದ ಮೇಲೆ ಗೆರೆ ಎಳೆಯುವ ಅಭ್ಯಾಸದಲ್ಲಿ ಅವನು ದಿನದಿಂದ ದಿನಕ್ಕೆ ಪಳಗಿದ, ಹಿಂದೆ ಅದನ್ನು ಮಾಡಿದ ನೆನಪೇ ಇಲ್ಲದೆ. ಬಾಲ್ಯದ ಸಂಗತಿಗಳೂ ಅವನಲ್ಲಿ ಬಹುಮಟ್ಟಿಗೆ ಉಳಿದಿದ್ದವು. 1957ರಲ್ಲಿ ಸ್ಕೋವಿಲ್ ಮತ್ತು ಮಿಲ್ನರ್ ಇದನ್ನು ಪ್ರಕಟಿಸಿದ ಮೇಲೆಯೇ ನೆನಪಿನ ವಿಜ್ಞಾನ ಇಂದಿನ ದಾರಿ ಹಿಡಿದದ್ದು. ನಿಮ್ಮ ಮನೆಯ ಮಟ್ಟಿಗೆ ಇದರ ಅರ್ಥವಿಷ್ಟು: ಐವತ್ತು ವರ್ಷದ ಹಿಂದಿನದ್ದು ಮಾವನವರಿಗೆ ಚೆನ್ನಾಗಿ ನೆನಪಿದೆ ಎಂಬುದರಿಂದ, ಕತ್ತರಿ ಹಿಡಿದ ಕೈ ಈಗಲೂ ಪಳಗಿದೆ ಎಂಬುದರಿಂದ, ಇಂದಿನ ನೆನಪನ್ನು ಇಂದು ಕೂಡಿಡುವ ವ್ಯವಸ್ಥೆ ಸರಿಯಿದೆ ಎಂದು ಹೇಳಲು ಬರುವುದಿಲ್ಲ.

ಈಗ ಆ ಭಾಗದ ಒಳಗೆ ಹೋಗೋಣ. ಕಣ್ಣು, ಕಿವಿ, ಮೂಗು, ಚರ್ಮ ತಂದ ಸುದ್ದಿಯೆಲ್ಲ ಮೆದುಳಿನ ಮೇಲ್ಪದರದಲ್ಲಿ ಸಂಸ್ಕರಣೆಗೊಂಡು, ಎಂಟೊರೈನಲ್ ಕಾರ್ಟೆಕ್ಸ್ ಎಂಬ ಹೆಬ್ಬಾಗಿಲಿಗೆ ಬಂದು ಸೇರುತ್ತದೆ. ಅಲ್ಲಿಂದ ಡೆಂಟೇಟ್ ಜೈರಸ್ ಎಂಬ ಭಾಗಕ್ಕೆ, ಅದರಿಂದ ಸಿಎ3 ಎಂಬ ಭಾಗಕ್ಕೆ, ಬಳಿಕ ಸಿಎ1ಕ್ಕೆ, ಕೊನೆಗೆ ಮತ್ತೆ ಮೇಲ್ಪದರಕ್ಕೆ ಸಾಗುತ್ತದೆ. ಹೆಬ್ಬಾಗಿಲಿನಿಂದ ಸಿಎ3ಕ್ಕೂ ಸಿಎ1ಕ್ಕೂ ನೇರ ದಾರಿಗಳೂ ಇವೆ. ಇವುಗಳಲ್ಲಿ ನಿಮ್ಮ ಪ್ರಶ್ನೆಗೆ ಹೆಚ್ಚು ಸಂಬಂಧಪಟ್ಟದ್ದು ಡೆಂಟೇಟ್ ಜೈರಸ್. ಅದರ ರಚನೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇಲಿಯ ಮೆದುಳಿನಲ್ಲಿ ಎಣಿಸಿ ನೋಡಿರುವ ಲೆಕ್ಕದಂತೆ, ಡೆಂಟೇಟ್ ಜೈರಸ್‌ಗೆ ಸುದ್ದಿ ಕಳಿಸುವ ಎಂಟೊರೈನಲ್ ನರಕೋಶಗಳು ಒಂದೆರಡು ಲಕ್ಷ. ಅದನ್ನು ಪಡೆಯುವ ಗ್ರಾನ್ಯೂಲ್ ಕೋಶಗಳು ಸುಮಾರು 10 ಲಕ್ಷ. ಮುಂದಿನ ಹಂತವಾದ ಸಿಎ3ರಲ್ಲಿ ಮತ್ತೆ ಎರಡೂವರೆಯಿಂದ ಮೂರು ಲಕ್ಷ ಕೋಶಗಳು ಮಾತ್ರ. ಅಂದರೆ ಸುದ್ದಿ ಒಮ್ಮೆಲೇ ಬಹಳ ಅಗಲವಾಗಿ ಹರಡಿ ಮತ್ತೆ ಕಿರಿದಾಗುತ್ತದೆ. ಹೀಗೇಕೆ ಎಂಬುದಕ್ಕೆ ನಿಮ್ಮ ಕಾಫಿ ಕಣವನ್ನೇ ನೆನೆಯಬಹುದು. ಇಕ್ಕಟ್ಟಾದ ಕಣದಲ್ಲಿ ಅರೇಬಿಕಾ ಪಾರ್ಚ್‌ಮೆಂಟನ್ನೂ ರೋಬಸ್ಟಾ ಚೆರಿಯನ್ನೂ ಒಟ್ಟಿಗೆ ಹರಡಿದರೆ ಅಂಚುಗಳು ಬೆರೆತೇ ಬೆರೆಯುತ್ತವೆ. ಕಣ ಐದು ಪಟ್ಟು ದೊಡ್ಡದಾಗಿದ್ದು ರಾಶಿಗಳು ಚಿಕ್ಕವಾಗಿದ್ದರೆ ನಡುವೆ ಓಡಾಡುವಷ್ಟು ಜಾಗ ಉಳಿಯುತ್ತದೆ. ಡೆಂಟೇಟ್ ಜೈರಸ್‌ನಲ್ಲಿ ಕಣವೂ ದೊಡ್ಡದು, ರಾಶಿಗಳೂ ಚಿಕ್ಕವು. ಅಲ್ಲಿನ ಗ್ರಾನ್ಯೂಲ್ ಕೋಶಗಳು ಬಲು ಮೌನಿಗಳು. ಸುತ್ತಲಿನ ತಡೆಕೋಶಗಳು ಅವುಗಳನ್ನು ಬಿಗಿಯಾಗಿ ಹಿಡಿದಿಟ್ಟಿರುವುದರಿಂದ, ಯಾವುದೇ ಒಂದು ಅನುಭವಕ್ಕೆ ನೂರರಲ್ಲಿ ಕೆಲವೇ ಕೆಲವು ಕೋಶಗಳು ಸ್ಪಂದಿಸುತ್ತವೆ. ಒಳಬರುವಾಗ ಎರಡು ಅನುಭವಗಳ ನಡುವೆ ಬಹಳಷ್ಟು ಹೋಲಿಕೆಯಿದ್ದರೂ, ಅವುಗಳಿಗಾಗಿ ಆರಿಸಿಬರುವ ಕೋಶಗಳ ಗುಂಪುಗಳು ಅಷ್ಟಾಗಿ ಹೋಲುವುದಿಲ್ಲ. ಹೀಗೆ ಆರಿಸಿಬಂದ ಗ್ರಾನ್ಯೂಲ್ ಕೋಶವೊಂದು ಸಿಎ3ರ ಹತ್ತು ಹದಿನೈದು ಕೋಶಗಳನ್ನಷ್ಟೇ ಮುಟ್ಟುತ್ತದೆ. ಆದರೆ ಮುಟ್ಟಿದ ಕಡೆ ಆ ಸಂಪರ್ಕ ಬಹಳ ಬಲವಾದದ್ದು. ಬಿಡಿಯಾಗಿಡುವ ಈ ಕೆಲಸವನ್ನು ವಿಜ್ಞಾನಿಗಳು ವಿನ್ಯಾಸ ಬೇರ್ಪಡಿಕೆ ಎನ್ನುತ್ತಾರೆ.

ಹೊಸ ಸಂಗತಿಗಳನ್ನು ಬೇಗ ಹಿಡಿದಿಡುವ ಸರಳ ನೆನಪಿನ ಯಂತ್ರವೆಂಬಂತೆ ಹಿಪೊಕ್ಯಾಂಪಸ್ ಹೇಗೆ ಕೆಲಸ ಮಾಡಬಹುದು ಎಂಬುದಕ್ಕೆ ಗಣಿತದ ಸಿದ್ಧಾಂತವೊಂದನ್ನು ಡೇವಿಡ್ ಮಾರ್ 1971ರಲ್ಲೇ ಕೊಟ್ಟಿದ್ದರು. ಡೆಂಟೇಟ್ ಜೈರಸ್ ಬೇರ್ಪಡಿಸುತ್ತದೆ ಎಂಬ ಊಹೆ ಆ ಪರಂಪರೆಯಲ್ಲಿ ಬೆಳೆಯಿತು. ಪ್ರಯೋಗದ ಸಾಕ್ಷ್ಯಕ್ಕೆ ದಶಕಗಳೇ ಬೇಕಾದವು. 2007ರಲ್ಲಿ ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿ ಲಾಯ್ಟ್‌ಗೆಬ್ ದಂಪತಿ ಮತ್ತು ಮೋಸರ್ ದಂಪತಿ, ಚೌಕಾಕಾರದ ಪೆಟ್ಟಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ವೃತ್ತದ ಕಡೆಗೆ ಬದಲಿಸುತ್ತ ಅದರೊಳಗೆ ಓಡಾಡುವ ಇಲಿಯ ನರಕೋಶಗಳನ್ನು ದಾಖಲಿಸಿದರು. ಗೋಡೆಯ ಆಕಾರ ತುಸುವೇ ಬದಲಾದರೂ ಡೆಂಟೇಟ್ ಜೈರಸ್‌ನ ಕೋಶಗಳ ಸ್ಪಂದನದ ಮಾದರಿ ಬದಲಾಗುತ್ತಿತ್ತು. ಅದೇ ವರ್ಷ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸುಸುಮು ಟೊನೆಗಾವ ಅವರ ಪ್ರಯೋಗಾಲಯದಿಂದ ಇನ್ನೊಂದು ಫಲಿತಾಂಶ ಬಂತು. ಡೆಂಟೇಟ್ ಜೈರಸ್‌ನ ಕೋಶಗಳಿಗೆ ಕಲಿಕೆಗೆ ಬೇಕಾದ ಒಂದು ಗ್ರಾಹಕ ಪ್ರೋಟೀನು ಇಲ್ಲದಂತೆ ಮಾಡಿದ ಚಿಕ್ಕಿಲಿಗಳು, ಒಂದು ಪೆಟ್ಟಿಗೆಯಲ್ಲಿ ಸಣ್ಣ ವಿದ್ಯುತ್ ಆಘಾತವಾದರೆ ಆ ಪೆಟ್ಟಿಗೆಗೆ ಹೆದರುವುದನ್ನು ಎಲ್ಲ ಇಲಿಗಳಂತೆಯೇ ಕಲಿತವು. ಆಘಾತವೇ ಇಲ್ಲದ, ಆದರೆ ಅದನ್ನು ಹೋಲುವ ಇನ್ನೊಂದು ಪೆಟ್ಟಿಗೆಯನ್ನು ಬೇರೆ ಎಂದು ಗುರುತಿಸುವುದರಲ್ಲಿ ಹಿಂದೆ ಬಿದ್ದವು. ಅವುಗಳ ಕಲಿಕೆಯಲ್ಲಿ ಕೆಟ್ಟಿದ್ದು ಮುಖ್ಯವಾಗಿ ಇದೇ. ಈ ಪ್ರಯೋಗವನ್ನು ನೆನಪಿನಲ್ಲಿಡಿ, ಅತ್ತೆಯವರ ವಿಷಯಕ್ಕೆ ಬರುವಾಗ ಬೇಕಾಗುತ್ತದೆ.

ಮನುಷ್ಯರಲ್ಲಿ ಇದನ್ನು ನೋಡುವ ಕ್ರಮ ಸರಳವಾಗಿದೆ. ಸ್ಕ್ಯಾನರ್ ಒಳಗೆ ಮಲಗಿದವರಿಗೆ ವಸ್ತುಗಳ ಚಿತ್ರಗಳನ್ನು ಒಂದರ ನಂತರ ಒಂದು ತೋರಿಸುತ್ತಾರೆ; ಕೆಲವು ಮೊದಲು ಕಂಡವೇ, ಕೆಲವು ಹೊಸವು, ಕೆಲವು ಮೊದಲು ಕಂಡದ್ದನ್ನು ಬಹುಪಾಲು ಹೋಲುವಂಥವು. 2008ರಲ್ಲಿ ಕ್ರೇಗ್ ಸ್ಟಾರ್ಕ್ ಅವರ ತಂಡ ಕಂಡಂತೆ, ಹೋಲುವ ಚಿತ್ರ ಬಂದಾಗ ಡೆಂಟೇಟ್ ಜೈರಸ್ ಮತ್ತು ಸಿಎ3 ಇರುವ ಜಾಗ ಅದನ್ನು ಹೊಸ ಚಿತ್ರವೆಂಬಂತೆ ಸ್ವೀಕರಿಸಿತು. ಇದೇ ಪರೀಕ್ಷೆಯಲ್ಲಿ ಹಿರಿಯರು ಹೊಸ ಚಿತ್ರವನ್ನು ಹೊಸದೆಂದೂ ಹಳೆಯದನ್ನು ಹಳೆಯದೆಂದೂ ಚೆನ್ನಾಗಿಯೇ ಹೇಳಿ, ಹೋಲುವ ಚಿತ್ರ ಬಂದಾಗ ಮಾತ್ರ ಮೊದಲೇ ನೋಡಿದ್ದು ಎಂದುಬಿಡುವುದು ಕಿರಿಯರಿಗಿಂತ ಹೆಚ್ಚು. ಹೋದ ಜೂನ್‌ಗೆ ಮೊದಲು ಬೋರ್ಡೋ ಹೊಡೆಸಿದ ಬೆಳಗು ಮತ್ತು ಈ ವರ್ಷ ಹೊಡೆಸಿದ ಬೆಳಗು: ಅದೇ ಮೇಸ್ತ್ರಿ, ಅದೇ ಡ್ರಮ್ಮು, ಅದೇ ಮೈಲುತುತ್ತು ಸುಣ್ಣದ ನೀಲಿ, ಅದೇ ಮೋಡ. ಮೆದುಳಿಗೆ ಇದಕ್ಕಿಂತ ಕಠಿಣವಾದ ಹೋಲುವ ಜೋಡಿಯನ್ನು ಪ್ರಯೋಗಾಲಯದಲ್ಲಿಯೂ ಕೊಡುವುದು ಕಷ್ಟ.

ಇನ್ನು ಸಿಎ3. ಬೇರ್ಪಡಿಸುವುದಷ್ಟೇ ನೆನಪಿನ ಕೆಲಸವಾದರೆ ನಮಗೆ ಯಾರ ಗುರುತೂ ಸಿಗುತ್ತಿರಲಿಲ್ಲ. ಸಂಬಂಧಿಕರ ಮುಖದ ಅರ್ಧವಷ್ಟೇ ಕೊಡೆಯ ಮರೆಯಿಂದ ಕಂಡರೂ ಇಡೀ ವ್ಯಕ್ತಿ ನೆನಪಾಗಬೇಕು. ಹುತ್ತರಿ ಹಾಡಿನ ಒಂದು ಸಾಲು ಕೇಳಿದರೆ ಹಾಡು ಕುಣಿತ ನಡೆಯುವ ಊರ ಬಯಲಾದ ಇಡೀ ಮಂದ್ ಕಣ್ಣ ಮುಂದೆ ಬರಬೇಕು. ತುಣುಕಿನಿಂದ ಪೂರ್ಣವನ್ನು ಕಟ್ಟಿಕೊಡುವ ಈ ಕೆಲಸಕ್ಕೆ ಸಿಎ3 ಹೇಳಿಮಾಡಿಸಿದಂತಿದೆ, ಏಕೆಂದರೆ ಅಲ್ಲಿನ ಪ್ರತಿ ಕೋಶವೂ ಅದೇ ಭಾಗದ ಸಾವಿರಾರು ಕೋಶಗಳಿಂದ ಸುದ್ದಿ ಪಡೆಯುತ್ತದೆ. ಗುಂಪಿನ ಕೆಲವು ಕೋಶಗಳು ಎಚ್ಚೆತ್ತರೆ ಉಳಿದವನ್ನೂ ಎಬ್ಬಿಸುತ್ತವೆ. 2002ರಲ್ಲಿ ಟೊನೆಗಾವ ತಂಡವೇ ಸಿಎ3ರಲ್ಲಿ, ಮೇಲೆ ಹೇಳಿದ ಕಲಿಕೆಯ ಗ್ರಾಹಕ ಪ್ರೋಟೀನನ್ನು ಇಲ್ಲವಾಗಿಸಿದಾಗ, ಸುತ್ತಲಿನ ಗುರುತುಗಳೆಲ್ಲ ಇದ್ದಾಗ ದಾರಿ ಕಾಣುತ್ತಿದ್ದ ಇಲಿಗಳು, ಬಹುಪಾಲು ಗುರುತುಗಳನ್ನು ತೆಗೆದಾಗ ತಡವರಿಸಿದವು. ಬೇರ್ಪಡಿಸುವ ಡೆಂಟೇಟ್ ಜೈರಸ್ ಮತ್ತು ಪೂರ್ಣಗೊಳಿಸುವ ಸಿಎ3, ಇವೆರಡರ ಎಳೆದಾಟದಲ್ಲಿ ಯಾವುದರ ಕೈ ಮೇಲಾಗುತ್ತದೆ ಎಂಬುದರ ಮೇಲೆ, ಎದುರಿಗೆ ಬಂದದ್ದು ಹಳೆಯದೋ ಹೊಸದೋ ಎಂಬ ತೀರ್ಮಾನ ನಿಂತಿದೆ.

ಮನಸ್ಸು ಬದಲಿಸುವ ಶಕ್ತಿಗೂ ಇದಕ್ಕೂ ಇರುವ ನಂಟು ಡೆಂಟೇಟ್ ಜೈರಸ್‌ನ ಇನ್ನೊಂದು ವಿಶೇಷದಿಂದ ಬೆಳಕಿಗೆ ಬಂತು. ಬೆಳೆದ ಪ್ರಾಣಿಯ ಮೆದುಳಿನಲ್ಲಿ ಹೊಸ ನರಕೋಶಗಳು ಹುಟ್ಟುವುದಿಲ್ಲವೆಂಬ ನಂಬಿಕೆ ಬಹುಕಾಲ ಇತ್ತು. ಜೋಸೆಫ್ ಆಲ್ಟ್‌ಮನ್ 1960ರ ದಶಕದಲ್ಲಿ ಇಲಿಯ ಡೆಂಟೇಟ್ ಜೈರಸ್‌ನಲ್ಲಿ ಅವು ಹುಟ್ಟುವುದನ್ನು ತೋರಿಸಿದರೂ ಆ ಕಾಲದಲ್ಲಿ ಹೆಚ್ಚಿನವರು ಕಿವಿಗೊಡಲಿಲ್ಲ. ಇಂದು ಇಲಿಗಳ ಮಟ್ಟಿಗೆ ಅದು ನಿರ್ವಿವಾದ. ಹೊಸ ಕೋಶಗಳು ಹುಟ್ಟದಂತೆ ತಡೆದರೆ, ದೂರ ದೂರದ ಎರಡು ಜಾಗಗಳನ್ನು ಗುರುತಿಸುವುದು ಇಲಿಗಳಿಗೆ ಸಲೀಸು, ಹತ್ತಿರದ ಎರಡು ಜಾಗಗಳನ್ನು ಬೇರೆ ಮಾಡುವುದು ಕಷ್ಟ ಎಂದು 2009ರ ಪ್ರಯೋಗವೊಂದು ತೋರಿಸಿತು. 2011ರಲ್ಲಿ ಅಮರ್ ಸಹಾಯ್ ಮತ್ತು ರೆನೆ ಹೆನ್ ಅವರ ತಂಡ ಹೊಸ ಕೋಶಗಳು ಹೆಚ್ಚು ಉಳಿಯುವಂತೆ ಮಾಡಿದಾಗ ಹೋಲುವ ಪೆಟ್ಟಿಗೆಗಳ ವ್ಯತ್ಯಾಸ ಇಲಿಗಳಿಗೆ ಇನ್ನೂ ಚೆನ್ನಾಗಿ ತಿಳಿಯಿತು.

ನಿಮ್ಮ ಮಾವನವರ ಹಠ ಎಂಬ ಮಾತಿಗೆ ನೇರವಾಗಿ ತಾಗುವ ಪ್ರಯೋಗ ಜರ್ಮನಿಯ ಗೆರ್ಡ್ ಕೆಂಪರ್‌ಮನ್ ಅವರ ತಂಡದ್ದು, ಅದೂ 2009ರದ್ದೇ. ದೊಡ್ಡ ತೊಟ್ಟಿಯಲ್ಲಿ ಬಿಳಿಬಣ್ಣದ ನೀರಿನ ಕೆಳಗೆ ಕಾಣದಂತೆ ಒಂದು ಅಟ್ಟಣೆ ಇರುತ್ತದೆ. ಈಜುವ ಇಲಿ ಅದನ್ನು ಹುಡುಕಿ ಹತ್ತಬೇಕು. ಹೊಸ ಕೋಶಗಳನ್ನು ಕಡಿಮೆ ಮಾಡಿದ ಇಲಿಗಳೂ ಅಟ್ಟಣೆಯ ಜಾಗವನ್ನು ಕಲಿತವು. ಬಳಿಕ ಅಟ್ಟಣೆಯನ್ನು ಬೇರೆಡೆ ಇಟ್ಟಾಗ ಉಳಿದ ಇಲಿಗಳು ಹಳೆಯ ಜಾಗ ಬಿಟ್ಟು ಹೊಸದನ್ನು ಹುಡುಕಿಕೊಂಡವು. ಇವು ಹಳೆಯ ಜಾಗದ ಸುತ್ತಲೇ ಈಜುತ್ತ ಉಳಿದವು. ಕಲಿಯುವ ಶಕ್ತಿ ಅವುಗಳಲ್ಲಿ ಇತ್ತೆಂಬುದು ಮೊದಲ ಹಂತದಲ್ಲೇ ಗೊತ್ತಾಗಿತ್ತು. ಹಾಗಾದರೆ ಕುಂದಿದ್ದೇನು? ಅದೇ ತೊಟ್ಟಿ, ಅದೇ ನೀರು, ಅದೇ ಗೋಡೆಯ ಗುರುತುಗಳ ನಡುವೆ ನಿನ್ನೆಯ ನೆನಪೊಂದು, ಇಂದಿನದೊಂದು ಎಂದು ಎರಡನ್ನು ಇಟ್ಟುಕೊಳ್ಳುವ ಶಕ್ತಿ. ಎರಡೂ ಒಂದರೊಳಗೊಂದು ಕರಗಿದರೆ ಹಳೆಯದು, ಅಂದರೆ ಹೆಚ್ಚು ಸಲ ಬಳಸಿದ್ದು, ಗೆಲ್ಲುತ್ತದೆ. ಮರಗಸಿಯನ್ನು ನಲವತ್ತು ವರ್ಷ ಒಂದೇ ಕ್ರಮದಲ್ಲಿ ಮಾಡಿಸಿದವರಿಗೆ, ನಿನ್ನೆ ಸಂಜೆ ಒಪ್ಪಿಕೊಂಡ ಹೊಸ ಕ್ರಮ ಬೆಳಿಗ್ಗೆ ಅದೇ ತೋಟದ ಅದೇ ಬ್ಲಾಕಿಗೆ ಕಾಲಿಟ್ಟಾಗ ಕೈಗೆ ಸಿಗದಿರುವುದು ಹೀಗೆಯೇ ಆಗಿರಬಹುದು. ಇಂಥ ಗಳಿಗೆಯಲ್ಲಿ ಅವರನ್ನು ಗದರಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಒಪ್ಪಿದ ಮಾತಿಗೆ ತಪ್ಪಿದರೆಂಬ ಆರೋಪ ತಮಗೇಕೆ ಬಂತೆಂದು ಅವರಿಗೆ ನಿಜವಾಗಿಯೂ ಅರ್ಥವಾಗದಿರಬಹುದು.

ಮನುಷ್ಯರಲ್ಲಿ ಹೊಸ ನರಕೋಶಗಳ ಕಥೆ ಇಷ್ಟು ಸ್ಪಷ್ಟವಾಗಿಲ್ಲ. 1998ರಲ್ಲಿ ಮೊದಲ ಸಾಕ್ಷ್ಯ ಬಂತು. 2013ರಲ್ಲಿ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಕಾರ್ಬನ್-14ರ ಜಾಡು ಹಿಡಿದು, ಒಂದೊಂದು ಹಿಪೊಕ್ಯಾಂಪಸ್‌ನಲ್ಲಿ ದಿನಕ್ಕೆ ಸುಮಾರು 700 ಹೊಸ ಕೋಶಗಳು ಸೇರುತ್ತವೆಂದು ಸ್ವೀಡನ್ನಿನ ತಂಡ ಅಂದಾಜಿಸಿತು. 2018ರಲ್ಲಿ ಒಂದು ತಂಡ ವಯಸ್ಕರಲ್ಲಿ ಅವು ಕಾಣಸಿಗುವುದೇ ಇಲ್ಲವೆಂದರೆ, ಅದೇ ವರ್ಷ ಇನ್ನೊಂದು ತಂಡ ಎಪ್ಪತ್ತು ದಾಟಿದವರಲ್ಲಿಯೂ ಇವೆ ಎಂದಿತು. ಆದ್ದರಿಂದ ಹೊಸ ನರಕೋಶ ಬೆಳೆಸುವ ಪುಡಿ, ಟಾನಿಕ್ಕು ಎಂದು ಯಾರಾದರೂ ಮಾರಲು ಬಂದರೆ ದಯವಿಟ್ಟು ಹಣ ಕಳೆದುಕೊಳ್ಳಬೇಡಿ. ಬೇರ್ಪಡಿಸುವ ಕೆಲಸದಲ್ಲಿ ಡೆಂಟೇಟ್ ಜೈರಸ್‌ನ ಪಾತ್ರ ಮಾತ್ರ ಈ ವಾದದ ಫಲಿತಾಂಶವನ್ನು ಅವಲಂಬಿಸಿಲ್ಲ.

ಹೊಂದಿಕೊಳ್ಳುವ ಯೋಚನೆ ಎಂದರೆ ಹಳೆಯದನ್ನು ಬಿಡುವುದಷ್ಟೇ ಅಲ್ಲ, ಇರುವ ನೆನಪುಗಳನ್ನು ಹೊಸ ರೀತಿಯಲ್ಲಿ ಜೋಡಿಸುವುದೂ ಹೌದು. 2018ರಲ್ಲಿ ಜೋಡುಪಾಲದ ಬಳಿ ಕುಸಿತವಾಗಿ ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದಾಗ, ಸುಳ್ಯಕ್ಕೆ ಹೋಗಬೇಕಾದವರು ಭಾಗಮಂಡಲದಿಂದ ಕರಿಕೆ, ಪಾಣತ್ತೂರಿನ ದಾರಿ ಹಿಡಿಯಬೇಕಾಯಿತು. ಭಾಗಮಂಡಲದಿಂದ ಕರಿಕೆಗೆ ಒಮ್ಮೆ ಮದುವೆಗೆ ಹೋಗಿದ್ದವರು, ಪಾಣತ್ತೂರಿನಿಂದ ಸುಳ್ಯಕ್ಕೆ ಇನ್ನೊಮ್ಮೆ ಹೋಗಿದ್ದವರು, ಇವೆರಡನ್ನೂ ಕೂಡಿಸಿ ತಾವೆಂದೂ ಪೂರ್ತಿಯಾಗಿ ಹೋಗದ ದಾರಿಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬಲ್ಲರು. ಇಲಿಗಳಲ್ಲಿಯೂ ಇಂಥ ಮನೋನಕ್ಷೆ ಇದೆಯೆಂದು ಎಡ್ವರ್ಡ್ ಟೋಲ್ಮನ್ 1948ರಲ್ಲಿ ವಾದಿಸಿದ್ದರು. ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಸ್ಪಂದಿಸುವ ಸ್ಥಳಕೋಶಗಳನ್ನು 1971ರಲ್ಲಿ ಜಾನ್ ಓ'ಕೀಫ್ ತಮ್ಮ ಸಹೋದ್ಯೋಗಿಯೊಂದಿಗೆ ಹಿಪೊಕ್ಯಾಂಪಸ್‌ನಲ್ಲಿ ಕಂಡರು. 2005ರಲ್ಲಿ ಮೋಸರ್ ದಂಪತಿಯ ತಂಡ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ, ಜಾಗವನ್ನು ಜಾಲದ ಮಾದರಿಯಲ್ಲಿ ಗುರುತಿಸುವ ಜಾಲಕೋಶಗಳನ್ನು ವರದಿ ಮಾಡಿತು. 2014ರ ನೊಬೆಲ್ ಪ್ರಶಸ್ತಿ ಈ ಮೂವರಿಗೆ ಸಂದಿತು.

ನನಗೆ ಅತ್ಯಂತ ಪ್ರಿಯವಾದ ಸಾಕ್ಷ್ಯ 2007ರದ್ದು. ಕವಲು ದಾರಿಯಲ್ಲಿ ಇಲಿ ಒಂದು ಕ್ಷಣ ನಿಂತು ಅತ್ತ ಇತ್ತ ನೋಡುವಾಗ, ಅದರ ಸಿಎ3ರ ಸ್ಥಳಕೋಶಗಳು ಇಲಿ ನಿಂತ ಜಾಗವನ್ನು ಬಿಟ್ಟು, ಮೊದಲು ಒಂದು ಕವಲಿನ ಮುಂದಿನ ಜಾಗಗಳನ್ನು, ಆಮೇಲೆ ಇನ್ನೊಂದು ಕವಲಿನ ಜಾಗಗಳನ್ನು ಸರಸರನೆ ಪ್ರತಿನಿಧಿಸುವುದನ್ನು ಡೇವಿಡ್ ರೆಡಿಶ್ ಮತ್ತು ಆಡಂ ಜಾನ್ಸನ್ ದಾಖಲಿಸಿದರು. ಕಾಲಿಡುವ ಮೊದಲೇ ಎರಡು ದಾರಿಗಳನ್ನೂ ಮನಸ್ಸಿನಲ್ಲಿ ನಡೆದು ನೋಡುವುದೆಂದರೆ ಇದೇ. ಎರಡು ದಾರಿಗಳ ನೆನಪು ಒಂದಾಗಿ ಕಲಸಿಹೋಗಿದ್ದರೆ ಹೀಗೆ ಒಂದೊಂದನ್ನೇ ಎತ್ತಿ ನೋಡುವುದು ಸಾಧ್ಯವಿಲ್ಲ. ದಾರಿಗೆ ಸಂಬಂಧಿಸದ ವಿಷಯಗಳಲ್ಲಿಯೂ ಇದೇ ಮಾತು ನಿಲ್ಲುತ್ತದೆ: 1997ರಲ್ಲಿ ಹೋವರ್ಡ್ ಐಕೆನ್‌ಬಾಮ್ ಅವರ ಪ್ರಯೋಗದಲ್ಲಿ ಇಲಿಗಳು ಐದು ವಾಸನೆಗಳನ್ನು ಜೋಡಿ ಜೋಡಿಯಾಗಿ, ಇದಕ್ಕಿಂತ ಅದು ಮೇಲು ಎಂಬಂತೆ ಕಲಿತವು. ಎಂದೂ ಜೋಡಿಯಾಗಿ ಕಾಣದ ಎರಡನೆಯ ಮತ್ತು ನಾಲ್ಕನೆಯ ವಾಸನೆಗಳನ್ನು ಎದುರಿಗಿಟ್ಟಾಗ ಆರೋಗ್ಯವಂತ ಇಲಿಗಳು ಸರಿಯಾದುದನ್ನು ಊಹಿಸಿದವು. ಹಿಪೊಕ್ಯಾಂಪಸ್‌ನ ಸಂಪರ್ಕ ಕಡಿದ ಇಲಿಗಳು ಕಲಿತ ಜೋಡಿಗಳನ್ನು ಮಾತ್ರ ಬಲ್ಲವಾಗಿದ್ದವು, ಈ ಹೊಸ ತೀರ್ಮಾನ ಅವುಗಳಿಗೆ ಆಗಲಿಲ್ಲ. ಹಿಪೊಕ್ಯಾಂಪಸ್ ಹಾಳಾದ ಮನುಷ್ಯರು ನಾಳಿನ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಲು ಸಹ ತಿಣುಕುತ್ತಾರೆಂದು 2007ರಲ್ಲಿ ಲಂಡನ್ನಿನಲ್ಲಿ ತೋರಿಸಲಾಯಿತು. ಯಾವ ನೆನಪನ್ನು ಯಾವಾಗ ಬಳಸಬೇಕೆಂಬ ಆಯ್ಕೆಯಲ್ಲಿ ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಪಾಲು ದೊಡ್ಡದು. ಅದು ಹಿಪೊಕ್ಯಾಂಪಸ್‌ನೊಂದಿಗೆ ನೇರವಾಗಿಯೂ ಮೆದುಳಿನ ನಡುವಿನ ಥಾಲಮಸ್ ಎಂಬ ಭಾಗದ ಮೂಲಕವೂ ಮಾತುಕತೆ ನಡೆಸುತ್ತದೆ.

ವಯಸ್ಸಾದಾಗ ಏನಾಗುತ್ತದೆ? ಎಂಟೊರೈನಲ್ ಕಾರ್ಟೆಕ್ಸ್‌ನಿಂದ ಡೆಂಟೇಟ್ ಜೈರಸ್‌ಗೆ ಬರುವ ಸಂಪರ್ಕಗಳು ಸಡಿಲವಾಗುತ್ತವೆ, ತಡೆಕೋಶಗಳ ಹಿಡಿತ ತಗ್ಗುತ್ತದೆ, ಸಿಎ3 ಅಗತ್ಯಕ್ಕಿಂತ ಹೆಚ್ಚು ಚುರುಕಾಗುತ್ತದೆ. ಅಂದರೆ ಬೇರ್ಪಡಿಸುವವನ ಕೈ ಸೋತು, ಪೂರ್ಣಗೊಳಿಸುವವನ ಕೈ ಮೇಲಾಗುತ್ತದೆ. ನೆನಪಿನ ಪರೀಕ್ಷೆಯಲ್ಲಿ ಹಿಂದುಳಿದ ಮುದಿ ಇಲಿಗಳನ್ನು ಹೊಸ ಜಾಗಕ್ಕೆ ಬಿಟ್ಟರೂ ಅವುಗಳ ಸ್ಥಳಕೋಶಗಳು ಹಳೆಯ ಜಾಗದ ನಕ್ಷೆಯನ್ನೇ ಹಿಡಿದುಕೊಂಡಿದ್ದದ್ದು ಕಂಡುಬಂದಿದೆ. ಸ್ವಲ್ಪ ಮಟ್ಟಿಗೆ ಇದು ಎಲ್ಲ ಹಿರಿಯರಲ್ಲೂ ಆಗುವಂಥದ್ದು. ಆದರೆ ಆಲ್ಝೈಮರ್ ಕಾಯಿಲೆ ಶುರುವಾಗುವುದೂ ಇದೇ ಹೆಬ್ಬಾಗಿಲಿನ ಸುತ್ತಮುತ್ತಲೇ. ಆದ್ದರಿಂದ ಮನೆಯಲ್ಲೇ ಕೂತು ಇದು ವಯಸ್ಸೋ ಕಾಯಿಲೆಯೋ ಎಂದು ತೀರ್ಮಾನಿಸುವುದು ಸರಿಯಲ್ಲ. ಲೆವೆಟಿರಾಸೆಟಾಮ್ ಎಂಬ ಅಪಸ್ಮಾರದ ಔಷಧಿ, ತೀರ ಕಡಿಮೆ ಪ್ರಮಾಣದಲ್ಲಿ ಸಿಎ3ರ ಆ ಅತಿಚುರುಕನ್ನು ತಗ್ಗಿಸಿ ಹೋಲುವ ಚಿತ್ರಗಳ ಪರೀಕ್ಷೆಯಲ್ಲಿ ನೆರವಾಯಿತೆಂದು 2012ರಲ್ಲಿ ವರದಿಯಾಗಿದೆ. ಅದು ಸಂಶೋಧನೆಯ ಮಾತು. ಅಂಗಡಿಯಿಂದ ತಂದು ಕೊಡುವ ಔಷಧಿ ಅಲ್ಲವೇ ಅಲ್ಲ.

ಈಗ ಅತ್ತೆಯವರ ವಿಷಯ. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಸುತ್ತ 2018ರ ಆಗಸ್ಟ್‌ನಲ್ಲಿ ನಡೆದದ್ದನ್ನು ಕಂಡವರಿಗೆ ಮಳೆಯ ಭಯ ಬರುವುದರಲ್ಲಿ ಅಸಹಜವಾದದ್ದೇನೂ ಇಲ್ಲ. ಇಳಿಜಾರಿನ ಕೆಳಗೆ ಮನೆಯಿದ್ದರೆ ಆ ಎಚ್ಚರ ಬೇಕು ಕೂಡ. ಕೊಡಗಿನಲ್ಲಿ ಮಳೆ ಎಂದರೆ ಒಂದೇ ಅಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿದ್ದ ವಿಷಯ: ಮಾರ್ಚ್‌ನ ಹೂಮಳೆ, ಜುಲೈನ ಜಡಿಮಳೆ, ಹುತ್ತರಿ ಹೊತ್ತಿನ ಅಕಾಲದ ಮಳೆ. ಈಗ ಹೂಮಳೆಗೂ ಅವರು ಎದ್ದು ಕೂರುವುದಾದರೆ, ಆ ಒಂದು ರಾತ್ರಿಯ ನೆನಪು ತನ್ನ ಎಲ್ಲೆ ಮೀರಿ ಹರಡಿದೆ ಎಂದು ತಿಳಿಯಬೇಕು. ಎಂಐಟಿಯ ಆ ಚಿಕ್ಕಿಲಿಗಳಂತೆ, ಹೆದರಬೇಕಾದ ಪೆಟ್ಟಿಗೆಗೂ ಹೆದರಬೇಕಿಲ್ಲದ ಪೆಟ್ಟಿಗೆಗೂ ವ್ಯತ್ಯಾಸ ಮಾಸಿದೆ. ಬಹುಕಾಲದ ಒತ್ತಡ ಇದನ್ನು ಹೇಗೆ ಬಲಪಡಿಸುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲಿಯೇ ಒಳ್ಳೆಯ ಕೆಲಸ ನಡೆದಿದೆ. ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು 2002ರಲ್ಲಿ, ದಿನಗಟ್ಟಲೆ ಒತ್ತಡಕ್ಕೆ ಒಳಗಾದ ಇಲಿಗಳಲ್ಲಿ ಸಿಎ3 ಕೋಶಗಳ ಕವಲುಗಳು ಕುಗ್ಗುವುದನ್ನೂ, ಭಯದ ಕೇಂದ್ರವಾದ ಅಮಿಗ್ಡಲಾದ ಕೋಶಗಳ ಕವಲುಗಳು ಬೆಳೆಯುವುದನ್ನೂ ತೋರಿಸಿದರು. ಒತ್ತಡ ನಿಂತು ಮೂರು ವಾರ ಕಳೆದ ಮೇಲೆ ಹಿಪೊಕ್ಯಾಂಪಸ್‌ನ ಕೋಶಗಳು ಚೇತರಿಸಿಕೊಂಡವು, ಅಮಿಗ್ಡಲಾದ ಬೆಳವಣಿಗೆ ಹಾಗೆಯೇ ಉಳಿಯಿತು. ಕಾಲವೇ ಎಲ್ಲವನ್ನೂ ಮರೆಸುತ್ತದೆಂದು ಅತ್ತೆಯವರಿಗೆ ಹೇಳುತ್ತ ಕೂರುವುದು ಸಾಲದು ಎನ್ನಲು ನನಗೆ ಇದು ಸಾಕು. ಆಘಾತದ ಭಯಕ್ಕೆ ಮಾತಿನ ಚಿಕಿತ್ಸೆ ಇದೆ, ಅದು ಕೆಲಸ ಮಾಡುತ್ತದೆ. ಅವರನ್ನು ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ನೀವು ಮಾಡಬಹುದಾದದ್ದು, ಮಳೆ ಬಂದಾಗ ಭಯಪಡಬೇಡಿ ಎನ್ನುವ ಬದಲು, ಈ ಮಳೆ ಆ ಮಳೆಗಿಂತ ಯಾವುದರಲ್ಲಿ ಬೇರೆ ಎಂಬುದನ್ನು ಅವರ ಜೊತೆ ಕೂತು ನೋಡುವುದು: ಎಷ್ಟು ದಿನದಿಂದ ಬಿಡದೆ ಸುರಿದಿದೆ, ಇವತ್ತು ಮಳೆಮಾಪಕದಲ್ಲಿ ಎಷ್ಟು ಬಂತು, ಬರೆಯಿಂದ, ಅಂದರೆ ಮಣ್ಣಿನ ಇಳಿಜಾರಿನಿಂದ, ಬರುವ ನೀರು ಕೆಂಪಾಗಿದೆಯೇ, ನೆಲದಲ್ಲಿ ಬಿರುಕು ಬಿಟ್ಟಿದೆಯೇ. ಮಳೆಯ ಲೆಕ್ಕ ಬರೆದಿಡುವ ರೂಢಿ ನಮ್ಮ ತೋಟಗಳಲ್ಲಿ ಇದ್ದೇ ಇದೆ; ಆ ಪುಸ್ತಕವನ್ನು ಅವರ ಕೈಗೇ ಕೊಡಿ.

ಮಾವನವರನ್ನು ನರರೋಗ ತಜ್ಞರಿಗೋ ಹಿರಿಯರ ವೈದ್ಯರಿಗೋ ಒಮ್ಮೆ ತೋರಿಸಿ. ಥೈರಾಯ್ಡ್, ಬಿ12 ಕೊರತೆ, ಖಿನ್ನತೆ, ನಿದ್ರೆಯಲ್ಲಿ ಉಸಿರು ಕಟ್ಟುವುದು, ಕಿವಿ ಮಂದವಾಗಿರುವುದು, ಮದ್ಯ, ನಿದ್ದೆಗೆಂದೋ ಅಲರ್ಜಿಗೆಂದೋ ತೆಗೆದುಕೊಳ್ಳುವ ಮಾತ್ರೆಗಳು, ಇವೆಲ್ಲ ನೆನಪನ್ನು ಕೆಡಿಸಬಲ್ಲವು ಮತ್ತು ಇವುಗಳಲ್ಲಿ ಬಹುತೇಕವನ್ನು ಸರಿಪಡಿಸಬಹುದು. ನಡಿಗೆ ತಪ್ಪಿಸದಿರಲಿ: 2011ರಲ್ಲಿ 120 ಹಿರಿಯರ ಮೇಲೆ ನಡೆದ ಅಧ್ಯಯನದಲ್ಲಿ, ವಾರಕ್ಕೆ ಮೂರು ದಿನ ಬಿರುಸಾಗಿ ನಡೆದವರ ಹಿಪೊಕ್ಯಾಂಪಸ್ ಒಂದು ವರ್ಷದಲ್ಲಿ ಸುಮಾರು ಶೇ 2ರಷ್ಟು ಹಿಗ್ಗಿತ್ತು, ಬರಿಯ ಮೈಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಕುಗ್ಗಿತ್ತು. ತೋಟದಲ್ಲಿ ಅಡ್ಡಾಡುವವರಿಗೆ ಇದು ಹೊರೆಯೇನಲ್ಲ.

ಲೆಕ್ಕ ಅವರ ಕೈಯಿಂದ ತೆಗೆಯಬೇಕೇ ಎಂದಿರಿ. ನೀವು ಬರೆದಷ್ಟನ್ನೇ ನೋಡಿದರೆ, ಈಗ ಬೇಡ. ಹೋಲುವ ಕೆಲಸಗಳ ನಡುವೆ ಮೆದುಳಿಗೆ ಸಿಗದ ವ್ಯತ್ಯಾಸವನ್ನು ಹೊರಗಿನಿಂದ ಒದಗಿಸಿ. ಸಿಂಪಡಣೆ ಮುಗಿದ ಬ್ಲಾಕಿನ ಮೊದಲ ಮರಕ್ಕೆ ಅವತ್ತೇ ಬಣ್ಣದ ಪಟ್ಟಿ ಕಟ್ಟಿಸಿ, ವರ್ಷಕ್ಕೊಂದು ಬಣ್ಣ. ತಾರೀಖನ್ನು ಅವರ ಕೈಯಲ್ಲೇ, ಅಲ್ಲೇ ನಿಂತು ಬರೆಯಿಸಿ, ಸಂಜೆ ಮನೆಗೆ ಬಂದ ಮೇಲೆ ಬೇಡ. ಮರಗಸಿಯ ಹೊಸ ಕ್ರಮವನ್ನು ಹಳೆಯ ಬ್ಲಾಕಿನಿಂದ ಶುರುಮಾಡದೆ, ಅವರು ಹೆಚ್ಚು ಓಡಾಡದ ಅಂಚಿನ ಒಂದು ಬ್ಲಾಕಿನಿಂದ ಶುರುಮಾಡಿ, ಮುಂಜಾನೆ ಕೆಲಸಕ್ಕೆ ಇಳಿಯುವ ಮೊದಲು ಮೇಸ್ತ್ರಿಯ ಎದುರಿಗೆ ಅವರ ಬಾಯಲ್ಲೇ ಒಮ್ಮೆ ಹೇಳಿಸಿ. ಆದರೆ ಹಣ ಎರಡು ಸಲ ಬಟವಾಡೆಯಾಗುವುದು, ಬಲ್ಲ ದಾರಿಯಲ್ಲೇ ದಿಕ್ಕು ತಪ್ಪುವುದು, ನಡೆದ ಸಂಗತಿಯೇ ನಡೆದಿಲ್ಲವೆನ್ನುವುದು, ಔಷಧಿಯ ಡ್ರಮ್ಮುಗಳನ್ನು ಅದಲುಬದಲು ಮಾಡುವುದು ಕಂಡರೆ, ಹೋಲಿಕೆಯ ಗೊಂದಲಕ್ಕಿಂತ ಹೆಚ್ಚಿನದೇನೋ ಆಗುತ್ತಿದೆ ಎಂದು ತಿಳಿದು, ಮುಂದಿನ ಭೇಟಿಯವರೆಗೆ ಕಾಯದೆ ವೈದ್ಯರಿಗೆ ತಿಳಿಸಿ, ಸಹಿ ಹಾಕುವ ಹಾಗೂ ಔಷಧಿ ಬೆರೆಸುವ ಕೆಲಸಗಳಲ್ಲಿ ನೀವೂ ಜೊತೆಗೆ ನಿಲ್ಲಿ.